ಜೂನ್ ಹದಿನೈದನ್ನು ಇನ್ನೊಮ್ಮೆ ಕರುಣಿಸುವ ಬಗ್ಗೆ

ಇವರಿಗೆ,
ಮಾನ್ಯ ಹಾಜರಿ ಯಂತ್ರದವರು,
ಗೇಟಿನ ಎಡಗಂಬ, ನೆಲದಿಂದ ನಾಲ್ಕೂವರೆ ಅಡಿ ಮೇಲೆ,
ಸಾರ್ವಜನಿಕ ಕನ್ನಡ ಪ್ರೌಢಶಾಲೆ, ಕಾಂದಾ ಗೋದಾಮು ಗಲ್ಲಿ,
ಬೈಕುಲ್ಲಾ, ಮುಂಬಯಿ.

ವಿಷಯ: ಹತ್ತನೇ ತರಗತಿಯ ಗುಲಾಫಶಾಳಿಗೆ ಪರೀಕ್ಷೆಗೆ ಕೂರಲು ಒಂದೇ ಒಂದು ದಿನದ ಹಾಜರಿ ಕಡಿಮೆ ಬಿದ್ದಿರುವುದರಿಂದ, ಕಳೆದ ಜೂನ್ ಹದಿನೈದನ್ನು ಇನ್ನೊಮ್ಮೆ ಕರುಣಿಸುವ ಬಗ್ಗೆ.

ಮಾನ್ಯರೇ,

ತಮ್ಮ ಕಣ್ಣು ತಂಪಾಗಿರಲಿ, ತಮ್ಮ ವಯರುಗಳು ಗೋದಾಮಿನ ಇಲಿಗಳಿಂದ ದೂರವಿರಲಿ, ತಮಗೆ ಹೊದಿಸಿದ ಪ್ಲಾಸ್ಟಿಕ್ ಚೀಲ ಮುಂದಿನ ಮಳೆಗಾಲಕ್ಕೂ ಬಾಳಲಿ ಎಂದು ಹಾರೈಸುತ್ತ, ದಿನಾ ಬೆಳಿಗ್ಗೆ ತಮ್ಮೆದುರು ಕನ್ನಡಕ ತೆಗೆದು ನಿಲ್ಲುವ ಅನೇಕರಲ್ಲಿ ಒಬ್ಬನಾದ ನಾನು, ಈ ಶಾಲೆಯ ಕನ್ನಡ ಶಿಕ್ಷಕ, ಈ ಪತ್ರವನ್ನು ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದು ಬೇರೆ ದಾರಿ ಕಾಣದೆ. ಲಕೋಟೆಯಲ್ಲಿಟ್ಟು ಕೊಡೋಣವೆಂದರೆ ತಮಗೆ ಕೈಗಳಿಲ್ಲ. ತಮ್ಮ ಮೇಲಿನವರಿಗೆ ಕೊಡೋಣವೆಂದರೆ ತಮ್ಮ ಮೇಲೆ ಒಂದು ತುಳಸಿಯ ಕುಂಡವನ್ನು ಬಿಟ್ಟರೆ ಯಾರೂ ಇಲ್ಲ.

ಶಾಲೆ ಮರಳಿ ತೆರೆದ ದಿನವೇ, ಅಂದರೆ ಜೂನ್ ಹದಿನೈದರಂದು, ಇಲಾಖೆಯ ಕೃಪೆಯಿಂದ ತಾವು ನಮ್ಮ ಗೇಟಿಗೆ ದಯಮಾಡಿಸಿದಿರಿ. ಏಳು ನಲವತ್ತೈದರಿಂದ ಎಂಟು ಗಂಟೆ ಐದು ನಿಮಿಷದೊಳಗೆ ಮುಖ ತೋರಿದವರಿಗೆ ಹಸಿರು ದೀಪ, ಆಮೇಲೆ ಬಂದವರಿಗೆ ಕೆಂಪು ದೀಪ ಮತ್ತು ಗೈರುಹಾಜರಿ, ಜೊತೆಗೆ ಮರಾಠಿಯಲ್ಲಿ ಒಬ್ಬ ಹೆಂಗಸಿನ ದನಿ: ‘ವೇಳ ಸಂಪಲೀ’. ಹೊತ್ತು ಮುಗಿಯಿತು ಎಂದರ್ಥ. ಐವತ್ತೆರಡು ದಾಟಿದ ನನಗೆ ಈ ಮಾತನ್ನು ಬೆಳಗಿನ ಹೊತ್ತು, ಇಷ್ಟು ಶಾಂತವಾಗಿ, ಯಾವ ಪೀಠಿಕೆಯೂ ಇಲ್ಲದೆ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಡಾಕ್ಟರುಗಳು ಕೂಡ ಮೊದಲು ಕೂರಲು ಹೇಳುತ್ತಾರೆ.

ತಮ್ಮ ದೃಷ್ಟಿಯ ಸೂಕ್ಷ್ಮತೆಯ ಬಗ್ಗೆ ಎಷ್ಟು ಹೊಗಳಿದರೂ ಕಡಿಮೆಯೇ. ಉಡುಪಿಯ ಕಡೆಯಿಂದ ಬಂದು ಮೂವತ್ತು ವರ್ಷಗಳಿಂದ ನಮ್ಮಲ್ಲಿ ಗಂಟೆ ಹೊಡೆಯುತ್ತಿರುವ ಜವಾನ ದೂಜಣ್ಣನೂ ಘಾಟ್ಕೋಪರಿನಿಂದ ಬರುವ ನಾನೂ ಒಬ್ಬನೇ ಮನುಷ್ಯ ಎಂಬುದನ್ನು ತಾವು ಮೊದಲ ದಿನವೇ ಕಂಡುಹಿಡಿದಿರಿ. ಅವರ ಮೀಸೆ, ನನ್ನ ಬೋಳುತಲೆ, ನಮ್ಮಿಬ್ಬರ ನಡುವೆ ಇರುವ ಮೊಳದುದ್ದದ ಎತ್ತರದ ಅಂತರ, ಇವೆಲ್ಲ ಮಾಯೆಯೆಂದು ತಿಳಿದ ತಾವು ನನ್ನನ್ನು ನೋಡಿದಾಗಲೆಲ್ಲ ಪರದೆಯ ಮೇಲೆ ‘ದೂಜ’ ಎಂದು ತೋರಿಸಿ ಹಸಿರಾಗುತ್ತೀರಿ. ಹೀಗಾಗಿ ಏಳು ತಿಂಗಳಿಂದ ದೂಜಣ್ಣ ದಿನಕ್ಕೆ ಎರಡು ಸಲ ಹಾಜರು, ನಾನು ಒಂದು ದಿನವೂ ಬಂದಿಲ್ಲ. ಮೊದಮೊದಲು ಬೇಸರವಾಗಿತ್ತು. ಈಗ ಪಾಠದ ನಡುವೆ ಕಿಟಕಿಯ ಆಚೆ ನೋಡುತ್ತ ನಿಂತಾಗ ತಮ್ಮ ಮಾತಿನಲ್ಲಿ ಏನೋ ಸತ್ಯವಿದೆ ಅನಿಸುತ್ತದೆ. ದೂಜಣ್ಣನಿಗಂತೂ ತಮ್ಮ ಮೇಲೆ ವಿಶೇಷ ಅಭಿಮಾನ. ದಸರೆಯ ಆಯುಧಪೂಜೆಗೆ ತಮಗೆ ಚೆಂಡುಹೂವಿನ ಮಾಲೆ ಹಾಕಿ, ಹಣೆಯೆಂದು ಭಾವಿಸಿ ತಮ್ಮ ಕಣ್ಣಿಗೇ ಕುಂಕುಮವಿಟ್ಟರು. ಅದನ್ನು ಒರೆಸುವವರೆಗಿನ ಎರಡು ದಿನ ಇಡೀ ಶಾಲೆ ಗೈರುಹಾಜರಾಗಿ, ಬಹಳ ಚೆನ್ನಾಗಿ ಪಾಠ ನಡೆಯಿತು.

ತಾವು ಹೊಸಬರು. ಆದ್ದರಿಂದ ತಾವು ಕಾವಲು ನಿಂತಿರುವ ಈ ಶಾಲೆ ಎಂಥದೆಂದು ಎರಡು ಮಾತು ಅರಿಕೆ ಮಾಡಿಕೊಳ್ಳುವುದು ನನ್ನ ಕರ್ತವ್ಯ. ಮಿಲ್ಲುಗಳ ಕಾಲದಲ್ಲಿ, ಮಿಲ್ಲಿನ ಕೆಲಸಗಾರರ ಮತ್ತು ಮಾರುಕಟ್ಟೆಯ ಹಮಾಲರ ಮಕ್ಕಳಿಗಾಗಿ, ಈರುಳ್ಳಿಯ, ಅಂದರೆ ಇಲ್ಲಿಯವರ ಕಾಂದಾದ, ಗೋದಾಮಿನ ಮೇಲಿನ ಮಹಡಿಯಲ್ಲಿ ಇದು ಶುರುವಾಯಿತು. ಗೋದಾಮು ಈಗಲೂ ಕೆಳಗಿದೆ. ಚರಿತ್ರೆಯ ಪಾಠದಲ್ಲಿ ಕಣ್ಣೀರು ಹಾಕುವ ಮಕ್ಕಳನ್ನು ಕಂಡು ತಪಾಸಣೆಗೆ ಬಂದವರು ಶಿಕ್ಷಕರ ಬೆನ್ನು ತಟ್ಟಿ ಹೋದದ್ದುಂಟು. ಆ ಕಾಲದಲ್ಲಿ ಎಲ್ಲ ಕಡೆ ಇದ್ದಂತೆ ಇಲ್ಲಿಯೂ ತಡವಾಗಿ ಬಂದವರಿಗೆ ಅಂಗೈ ಮೇಲೆ ಎರಡು ಛಡಿ ಏಟು ಕಾಯಂ. ಹೊಡೆಯುತ್ತಿದ್ದವರು ಹೆಡ್ ಮಾಸ್ತರರಾದ ಖಂಡಪ್ಪನವರು. ಅರವತ್ಮೂರನೆಯ ಇಸವಿಯ ಒಂದು ಬೆಳಿಗ್ಗೆ ಲೋಕಲ್ ರೈಲು ನಡುದಾರಿಯಲ್ಲಿ ನಿಂತು ಖಂಡಪ್ಪ ಮಾಸ್ತರರೇ ಅರ್ಧ ಗಂಟೆ ತಡವಾಗಿ ಬಂದರು. ಪ್ರಾರ್ಥನೆಗೆ ಸಾಲಾಗಿ ನಿಂತಿದ್ದ ಮಕ್ಕಳೆಲ್ಲ ಅವರ ಮುಖ ನೋಡಲಿಲ್ಲ, ಛಡಿಯನ್ನು ನೋಡಿದರು. ಮಾಸ್ತರರು ತಡವಾದದ್ದಕ್ಕೆ ಕಾರಣ ಹೇಳಲು ಬಾಯಿ ತೆರೆದವರು, ಯಾಕೋ ಅದನ್ನು ಬಿಟ್ಟು, ನಿಂತ ಲೋಕಲ್ಲಿನ ಕಿಟಕಿಯಿಂದ ತಾವು ಕಂಡದ್ದನ್ನು ಹೇಳತೊಡಗಿದರು. ಅದು ಮುಗಿಯುವಾಗ ಮೊದಲನೆಯ ಪೀರಿಯಡ್ಡೂ ಮುಗಿದಿತ್ತು. ಮರುದಿನ ಛಡಿ ಮಾಯವಾಯಿತು, ಅದರ ಜಾಗದಲ್ಲಿ ರಟ್ಟಿನ ಹೊದಿಕೆಯ ಒಂದು ಪುಸ್ತಕ ಬಂತು. ಅಂದಿನಿಂದ ಈ ಶಾಲೆಯಲ್ಲಿ ತಡವಾಗಿ ಬಂದವರು ಎಲ್ಲರೆದುರು ನಿಂತು, ದಾರಿಯಲ್ಲಿ ಕಂಡ ಒಂದು ಸಂಗತಿಯನ್ನು ಕನ್ನಡದಲ್ಲಿ ಹೇಳಿ, ಅದನ್ನು ಪುಸ್ತಕದಲ್ಲಿ ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಕಾರಣ ಹೇಳಕೂಡದು, ಕಂಡದ್ದು ಹೇಳಬೇಕು. ಪುಸ್ತಕದ ಮೊದಲ ಪುಟದಲ್ಲಿ ಮಾಸ್ತರರ ಕೈಬರಹದಲ್ಲಿ ಇರುವ ನಿಯಮ ಇದೊಂದೇ.

ಇದಕ್ಕೆ ತಡದ ಪುಸ್ತಕ ಎಂದು ಹೆಸರು. ಈಗ ಹತ್ತೊಂಬತ್ತನೆಯ ಸಂಪುಟ ನಡೆಯುತ್ತಿದೆ. ನಮ್ಮ ಶಾಲೆಗೆ ಬೇರೆ ಇತಿಹಾಸವನ್ನು ಯಾರೂ ಬರೆದಿಲ್ಲ, ಅಗತ್ಯವೂ ಬಿದ್ದಿಲ್ಲ. ಮಿಲ್ ಮುಷ್ಕರ ಶುರುವಾದ ಎಂಬತ್ತೆರಡರ ಜನವರಿಯಲ್ಲಿ ಏನು ನಡೆಯಿತೆಂದು ತಿಳಿಯಬೇಕಾದರೆ ಎಂಟನೇ ತರಗತಿಯ ಸುಂದ್ರವ್ವ ಬರೆದ ಎರಡು ಸಾಲು ಸಾಕು: ‘ಇವತ್ತ ಮಿಲ್ಲಿನ ಭೋಂಗಾ ಆಗ್ಲಿಲ್ಲ. ಅಪ್ಪ ಮಾತ್ರ ಎದ್ದು ಬುತ್ತಿ ಕಟಗೊಂಡು ಕುಂತಾನ.’ ಭೋಂಗಾ ಎಂದರೆ ಪಾಳಿಗೆ ಕರೆಯುವ ಸೈರನ್. ಇನ್ನು ಕಾರ್ಯಕ್ರಮಗಳ ವಿಚಾರ. ಪ್ರತಿ ಡಿಸೆಂಬರಿನ ಸ್ನೇಹ ಸಮ್ಮೇಳನದಲ್ಲಿ ಹಳೆಯ ವಿದ್ಯಾರ್ಥಿಗಳು ಬಂದು ತಾವು ಚಿಕ್ಕಂದಿನಲ್ಲಿ ಬರೆದದ್ದನ್ನು ತಾವೇ ಓದುತ್ತಾರೆ. ಅವರು ಆ ಕಾರ್ಯಕ್ರಮಕ್ಕೂ ತಡವಾಗಿ ಬರುವುದರಿಂದ ಹೊಸದೊಂದನ್ನು ಬರೆದೇ ಓದಬೇಕಾಗುತ್ತದೆ, ಹಾಗಾಗಿ ನಾಟಕ ಯಾವಾಗಲೂ ಅರ್ಧಕ್ಕೆ ನಿಲ್ಲುತ್ತದೆ. ಮನೆಯಲ್ಲಿ ಹಿಂದಿ, ಗಲ್ಲಿಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿದಿದ್ದರೆ ಅದು ನನ್ನ ಪಾಠದಿಂದ ಅಲ್ಲ, ತಡವಾಗಿ ಬಂದದ್ದರಿಂದ. ಎಷ್ಟೋ ಮಕ್ಕಳು ಹೊತ್ತಿಗೆ ಸರಿಯಾಗಿ ಬಂದು, ಎದುರಿನ ಕಬ್ಬಿನ ರಸದ ಅಂಗಡಿಯ ಹಿಂದೆ ಅಡಗಿ ನಿಂತು, ಪ್ರಾರ್ಥನೆ ಶುರುವಾದ ಮೇಲೆ ಏದುಸಿರು ಬಿಡುತ್ತ ಓಡಿಬರುತ್ತಿದ್ದುದು ನನಗೆ ಗೊತ್ತಿತ್ತು. ಅವರ ಏದುಸಿರಿಗೆ ನಾನೇ ಅಂಕ ಕೊಡುತ್ತಿದ್ದೆ.

ತಾವು ಬಂದ ಮೇಲೆ ಆ ಮಕ್ಕಳು ರಸದ ಅಂಗಡಿಯನ್ನು ಬಿಟ್ಟು ಸಮಯಕ್ಕೆ ಒಳಗೆ ಬರುತ್ತಿದ್ದಾರೆ. ಶಿಸ್ತು ಹೆಚ್ಚಿದೆ. ಬೆಳಗಿನ ಪ್ರಾರ್ಥನೆ ಬೆಳಿಗ್ಗೆಯೇ ಮುಗಿಯುತ್ತದೆ. ಪ್ರಾರ್ಥನೆಯ ನಂತರ ಏನು ಮಾಡುವುದೆಂದು ತಿಳಿಯದೆ ನಾವೆಲ್ಲ ಒಂದು ಕ್ಷಣ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ. ಆ ಕ್ಷಣದಲ್ಲಿ ಗೇಟಿನ ಕಡೆಯಿಂದ ತಮ್ಮ ದನಿ ಕೇಳುತ್ತದೆ, ‘ವೇಳ ಸಂಪಲೀ’, ಅದರ ಬೆನ್ನಿಗೇ ಮೆಟ್ಟಿಲ ಮೇಲೆ ಗುಲಾಫಶಾಳ ಚಪ್ಪಲಿಯ ಸದ್ದು.

ಗುಲಾಫಶಾ ಮಾತ್ರ ನಿಜವಾಗಿ ತಡ. ಎಂಟು ಹತ್ತು, ಎಂಟು ಹನ್ನೆರಡು, ಒಮ್ಮೊಮ್ಮೆ ಎಂಟೂಕಾಲು. ಬಂದವಳೇ ಬ್ಯಾಗು ಕೆಳಗಿಟ್ಟು, ಉಸಿರು ಎಳೆದುಕೊಂಡು, ವಿಜಾಪುರದ ಕಡೆಯ ತನ್ನ ಮನೆಮಾತಿನಲ್ಲಿ ಹೇಳುತ್ತಿದ್ದಳು. ಹೇಳಿದ್ದನ್ನು ಹಾಗೇ ಬರೆಯುತ್ತಿದ್ದಳು. ತಾವು ಪುಸ್ತಕ ಓದುವವರಲ್ಲವಾದ್ದರಿಂದ ಎರಡನ್ನು ಇಲ್ಲಿ ನಕಲು ಮಾಡುತ್ತೇನೆ.

‘ದಾದರ ಬ್ರಿಜ್ಜಿನ ಮ್ಯಾಲ ಒಬ್ಬಾಂವ ಬಾಗಲಾ ಹೊತಗೊಂಡ ಹೊಂಟಿದ್ದ. ಹಿಂದ ಒಬ್ಬಾಕಿ, ದಾರಿ ಬಿಡ್ಲಿ ಅಂತ ಆ ಬಾಗಲಾ ಬಡದಳು. ಆಂವ ಆ ಕಡಿಂದ, ಕೌನ್ ಹೈ, ಅಂದ.’

‘ಲೇಡೀಸ್ ಡಬ್ಬಿದಾಗ ಒಬ್ಬಾಕಿ ಮೆಂತೇಪಲ್ಲೆ ಸೋಸಾಕ ಕುಂತಿದ್ಲು. ಮಾಲಾಡಕ್ಕ ಆಕಿ ಒಬ್ಬಾಕೀನ. ಅಂಧೇರಿಗೆ ನಾಕ ಮಂದಿ ಸೋಸಾಕತ್ತಿದ್ರು. ಬಾಂದ್ರಾ ಬರೂದ್ರಾಗ ಪಲ್ಲೆದಾಕಿ ನಿದ್ದಿ ಹೊಡ್ಯಾಕತ್ತಿದ್ಲು.’

ಇಂಥವು ಎಂಬತ್ತೇಳು ಇವೆ. ಪ್ರತಿ ದಿನ ನಾನು ಅದಕ್ಕಾಗಿ ಕಾಯುತ್ತಿದ್ದೆನೆಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಅವಳು ಹೊತ್ತಿಗೆ ಸರಿಯಾಗಿ ಬಂದ ದಿನ ನನಗೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು. ಅವಳು ಯಾಕೆ ತಡ ಎಂದು ಮಾತ್ರ ಏಳು ತಿಂಗಳಲ್ಲಿ ನಾವು ಯಾರೂ ಕೇಳಲಿಲ್ಲ. ಕೇಳುವುದು ನಮ್ಮ ಪದ್ಧತಿಗೆ ವಿರುದ್ಧ.

ಜನವರಿ ಮೂವತ್ತೊಂದಕ್ಕೆ ಹಾಜರಿಯ ಲೆಕ್ಕ ಮುಗಿದು ಇಲಾಖೆಯಿಂದ ಪಟ್ಟಿ ಬಂದಾಗ, ಪರೀಕ್ಷೆಗೆ ಕೂರಲು ಬೇಕಾದ ನೂರಿಪ್ಪತ್ತು ದಿನಗಳಲ್ಲಿ ಗುಲಾಫಶಾ ಹಾಜರಿದ್ದದ್ದು ಮೂವತ್ತೆರಡು ದಿನ ಎಂದು ಅದರಲ್ಲಿತ್ತು. ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ, ತಾವು ಸುಳ್ಳು ಹೇಳುವವರಲ್ಲ. ಆವತ್ತು ಮೊದಲ ಬಾರಿಗೆ ನಾನು ಅವಳ ಕಾರಣ ಕೇಳಿದೆ. ಬೈಕುಲ್ಲಾದ ಅವರ ಚಾಳನ್ನು ಹೊಸ ಬಿಲ್ಡಿಂಗಿಗಾಗಿ ಕೆಡವಿದ್ದರಿಂದ ಜೂನ್ ತಿಂಗಳಿಂದ ಅವರ ಮನೆ ದಹಿಸರ್. ಅಲ್ಲಿ ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಆರರ ಸುಮಾರಿಗೆ ಅರ್ಧ ಗಂಟೆ. ಅದನ್ನು ತುಂಬಿಟ್ಟು, ತಾಯಿ ದಾವಲಬಿಯೂ ಮಗಳೂ ಆರು ನಲವತ್ತರ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ ಬರುತ್ತಾರೆ. ದಾವಲಬಿಯವರು ಇಲ್ಲೇ ಬ್ಯಾಗ್ ಹೊಲಿಯುವ ಕಾರಖಾನೆಯಲ್ಲಿ ಕೆಲಸಕ್ಕಿದ್ದಾರೆ. ದೂರದಿಂದ ಬರುವ ಮಕ್ಕಳಿಗೆ ಅರ್ಧ ಗಂಟೆಯ ವಿನಾಯಿತಿ ಕೊಡಿಸುವ ಅರ್ಜಿಯೊಂದು ಇಲಾಖೆಯಲ್ಲಿ ಉಂಟು, ಆಗಸ್ಟ್ ಕೊನೆಗೆ ಅದರ ಗಡುವು ಮುಗಿಯುತ್ತದೆ. ಖಾಲಿ ಅರ್ಜಿಗಳ ಕಟ್ಟು ನನ್ನ ಕಪಾಟಿನಲ್ಲೇ ಇತ್ತು. ಅದರ ಮೇಲೆ ತಡದ ಪುಸ್ತಕವನ್ನು ಇಟ್ಟಿದ್ದೆ.

ಇಲ್ಲಿಯವರೆಗೆ ತಮ್ಮ ಮೇಲೆ ದೂರು ಹೇಳುತ್ತೇನೆಂದು ಹೊರಟ ಪತ್ರ ಬೇರೆ ಕಡೆ ತಿರುಗಿದ್ದಕ್ಕೆ ಕ್ಷಮೆ ಇರಲಿ.

ಶಿಕ್ಷಣಾಧಿಕಾರಿಗಳು ವಿಚಾರಣೆಗೆ ಹನ್ನೊಂದು ಗಂಟೆಗೆ ಬರಹೇಳಿದ್ದರು. ದಾವಲಬಿ, ಗುಲಾಫಶಾ, ನಾನು, ಪುಸ್ತಕದ ಗಂಟು ಹೊತ್ತ ದೂಜಣ್ಣ, ಹತ್ತೂಮುಕ್ಕಾಲಕ್ಕೇ ಅವರ ಕೋಣೆಯಲ್ಲಿ ಕುಳಿತಿದ್ದೆವು. ಸಾಹೇಬರು ಬಂದದ್ದು ಹನ್ನೊಂದು ಐವತ್ತಕ್ಕೆ. ನಾವು ಎದ್ದು ನಮಸ್ಕರಿಸಿ ಕುಳಿತೆವು. ಗುಲಾಫಶಾ ಮಾತ್ರ ಪುಸ್ತಕ ತೆರೆದು, ಪೆನ್ನು ಹಿಡಿದು, ಅವರ ಮುಖವನ್ನೇ ನೋಡುತ್ತ ನಿಂತಳು. ಸಾಹೇಬರು ಮರಾಠಿಯಲ್ಲಿ ಸಿಗ್ನಲ್ಲು, ಸೇತುವೆಯ ಕೆಲಸ ಎಂದು ಕಾರಣ ಹೇಳತೊಡಗಿದರು. ಮೂವತ್ತು ವರ್ಷಗಳ ಅಭ್ಯಾಸ, ದೂಜಣ್ಣನಿಗೆ ತಡೆಯಲಾಗಲಿಲ್ಲ. ‘ಸಾಹೇಬ್, ಕಾರಣ್ ನಕೋ. ಕ್ಯಾ ದೇಖಾ ವೊ ಬೋಲೋ’, ಕಾರಣ ಬೇಡ, ಕಂಡದ್ದು ಹೇಳಿ, ಎಂದುಬಿಟ್ಟರು. ನಾನು ನನ್ನ ನಿವೃತ್ತಿಗೆ ಉಳಿದ ವರ್ಷಗಳನ್ನು ನೆನೆದುಕೊಂಡೆ. ಸಾಹೇಬರು ಕುರ್ಚಿ ಎಳೆದು ಕುಳಿತು, ಘಾಟ್ಕೋಪರಿನ ಮೆಟ್ರೋ ಎಸ್ಕಲೇಟರಿನ ಮೇಲೆ ಮದುವೆ ಬ್ಯಾಂಡಿನವನೊಬ್ಬ ತನಗಿಂತ ದೊಡ್ಡದಾದ ಹಿತ್ತಾಳೆಯ ಕಹಳೆ ಹೊತ್ತು ನಿಂತಿದ್ದನೆಂದೂ, ಅದರ ಬಾಯೊಳಗೆ ಅವನ ಊಟದ ಡಬ್ಬಿ ಇತ್ತೆಂದೂ ಹೇಳಿದರು. ಹೇಳಿ, ತಾವೇ ನಕ್ಕರು. ಗುಲಾಫಶಾ ಅದನ್ನು ಕನ್ನಡದಲ್ಲಿ ಬರೆದು, ಮರಾಠಿಯಲ್ಲಿ ಓದಿ ತೋರಿಸಿ, ಪುಸ್ತಕವನ್ನು ಅವರ ಕಡೆ ತಿರುಗಿಸಿದಳು. ಎದುರಿಗೆ ತೆರೆದಿಟ್ಟ ಕಾಗದಕ್ಕೆ ಸಹಿ ಹಾಕುವ ಅಭ್ಯಾಸ ಅವರಿಗೂ ಇತ್ತು. ಸಹಿ ಬಿತ್ತು, ತಾರೀಖು ಬಿತ್ತು, ರಬ್ಬರ್ ಸ್ಟಾಂಪೂ ಬಿತ್ತು.

ಇಲಾಖೆಯ ಮೊಹರು ಬಿದ್ದ ಮೇಲೆ ಆ ಪುಸ್ತಕ ದಾಖಲೆ. ಅದನ್ನು ಅಲ್ಲಗಳೆದರೆ ಕಹಳೆಯನ್ನೂ ಅಲ್ಲಗಳೆಯಬೇಕು. ಸಾಹೇಬರು ಮುಂಚಿನ ಸಾಹೇಬರೇ ಆಗಿ ಉಳಿಯಲಿಲ್ಲ. ಅವಳು ಬರೆದದ್ದನ್ನೆಲ್ಲ ಮರಾಠಿಯಲ್ಲಿ ಹೇಳಿಸಿ ಕೇಳಿದರು, ಬಾಗಿಲು ಹೊತ್ತವನನ್ನು ಎರಡು ಸಲ ಕೇಳಿದರು. ಇನ್ನೂ ಮುಂಚಿನ ಲೋಕಲ್ ಯಾಕೆ ಹಿಡಿಯಬಾರದೆಂದು ಅವರು ಒಮ್ಮೆ ಕೇಳಿದಾಗ ದಾವಲಬಿಯವರು ನೀರಿನ ಸಂಗತಿಯನ್ನು ಹಿಂದಿಯಲ್ಲಿ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, ‘ಮಶೀನಿಗೆ ಕಣ್ಣ ಐತಿ, ಗಡಿಯಾರ ಐತಿ, ಎಲ್ಲಾ ಐತ್ರಿ ಸರ. ಒಂದಿನಾ ದಹಿಸರದಿಂದ ದಾದರ ತನಕಾ ಒಂಟಿ ಕಾಲ ಮ್ಯಾಲ ನಿಂತ ಬರಲಿ, ಆಮ್ಯಾಲ ಟಾಯಮ್ ಹೇಳಲಿ’ ಎಂದರು. ಇದು ತಮಗೆ ತಲುಪಿಸಬೇಕಾದ ಮಾತು ಎಂದು ತಿಳಿದು ತಲುಪಿಸಿದ್ದೇನೆ.

ಕೊನೆಗೆ ಸಾಹೇಬರು ಎಂಬತ್ತೇಳು ದಿನಗಳನ್ನು ಹಾಜರಿಯೆಂದು ಒಪ್ಪಿ ಆದೇಶ ಬರೆದರು. ಮೂವತ್ತೆರಡಕ್ಕೆ ಎಂಬತ್ತೇಳು ಸೇರಿದರೆ ನೂರಾ ಹತ್ತೊಂಬತ್ತು. ಮಿಕ್ಕ ದಿನಗಳಲ್ಲಿ ಅವಳು ನಿಜವಾಗಿ ಬಂದಿಲ್ಲ, ಮಳೆಗೆ ರೈಲು ನಿಂತಿದೆ, ತಾಯಿಗೆ ಟೈಫಾಯ್ಡ್ ಆಗಿದೆ. ಬಾರದ ದಿನವನ್ನು ಬಂದೆ ಎನ್ನಲು ಅವಳೂ ಒಪ್ಪಲಿಲ್ಲ. ಆದರೆ ಪುಸ್ತಕದಲ್ಲಿ ಅವಳ ಇನ್ನೂ ಒಂದು ಬರಹ ಇತ್ತು. ತಾರೀಖು ಜೂನ್ ಹದಿನೈದು, ದಹಿಸರಿನಿಂದ ಅವಳು ಬಂದ ಮೊದಲ ದಿನ, ತಮಗೂ ನಮ್ಮಲ್ಲಿ ಮೊದಲ ದಿನ. ‘ಇವತ್ತ ಏನೂ ಕಾಣ್ಲಿಲ್ಲ ಸರ. ದಹಿಸರದಿಂದ ದಾದರ ತನಕಾ ಅಮ್ಮಾನ ಹೆಗಲ ಮ್ಯಾಲ ನಿದ್ದಿ ಮಾಡಿದ್ನಿ.’ ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಸಾಲದು. ಕಣ್ಣು ತೆರೆದು ಬಾ.’ ಬರೆದವನು ನಾನು. ಎಂಬತ್ತೇಳು ದಿನ ಅವಳು ಕಣ್ಣು ತೆರೆದು ಬಂದದ್ದು ಈ ಅಪ್ಪಣೆಯ ಮೇರೆಗೆ. ಶಾಲೆಯೇ ಹೊಡೆದುಹಾಕಿದ್ದನ್ನು ಇಲಾಖೆ ಹೇಗೆ ಒಪ್ಪಲಿ ಎಂದು ಸಾಹೇಬರು ಸಂಕಟಪಟ್ಟು ಕೇಳಿದರು. ಯಂತ್ರದಲ್ಲಿ ಆ ದಿನ ಹಾಜರಿ ಇದ್ದಿದ್ದರೆ ಇಲಾಖೆಯ ಅಡ್ಡಿಯಿರುತ್ತಿರಲಿಲ್ಲ ಎಂದರು. ಮೆಟ್ಟಿಲಿಳಿಯುವಾಗ ಗುಲಾಫಶಾ ನಮ್ಮೆಲ್ಲರ ಮುಂದೆ ನಡೆದಳು. ಅವಳು ಏನನ್ನಾದರೂ ಕಂಡಿದ್ದರೆ ಅದನ್ನು ನನಗೆ ಹೇಳಲಿಲ್ಲ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ಮಳೆಗಾಲದ ಆ ಮೊದಲ ಸೋಮವಾರವನ್ನು ತಾವು ದಯವಿಟ್ಟು ಇನ್ನೊಮ್ಮೆ ನಡೆಸಿಕೊಡಬೇಕು. ಇಡೀ ದಿನ ಬೇಡ. ಏಳು ನಲವತ್ತೈದರಿಂದ ಎಂಟು ಐದರವರೆಗೆ ಸಾಕು. ಮಳೆ, ಹೊಸ ರೇನ್‌ಕೋಟಿನ ವಾಸನೆ, ತಮ್ಮನ್ನು ಕಂಬಕ್ಕೆ ಬಿಗಿಯುತ್ತಿದ್ದ ಡ್ರಿಲ್ಲಿನ ಸದ್ದು, ಇವನ್ನೆಲ್ಲ ಬಿಟ್ಟರೂ ನಡೆಯುತ್ತದೆ. ಇಷ್ಟು ಸಾಧ್ಯವಾಗದಿದ್ದರೆ, ನನ್ನ ಹೆಸರಿನಲ್ಲಿ ದೂಜಣ್ಣನಿಗೆ ಸಂದಾಯವಾದ ನೂರಾರು ಹಾಜರಿಗಳಲ್ಲಿ ಒಂದನ್ನು ತೆಗೆದು ಆ ಹುಡುಗಿಗೆ ಕೊಡಬೇಕು. ದೂಜಣ್ಣನ ಒಪ್ಪಿಗೆ ಇದೆ, ಅವರು ತುಳುವಿನಲ್ಲಿ ಕೊಟ್ಟ ಒಪ್ಪಿಗೆಯಾದ್ದರಿಂದ ಇಲ್ಲಿ ಉದ್ಧರಿಸಿಲ್ಲ. ಅದೂ ಆಗದಿದ್ದರೆ ನನ್ನ ಕೆಂಪು ಪೆನ್ನನ್ನಾದರೂ ಗೈರುಹಾಜರೆಂದು ದಾಖಲಿಸಬೇಕು. ಪರೀಕ್ಷೆಯ ಪಟ್ಟಿ ಬರುವ ಶನಿವಾರ ಮುಚ್ಚುತ್ತದೆ.

ತಮ್ಮ ಹಸಿರು ದೀಪದ ನಿರೀಕ್ಷೆಯಲ್ಲಿ,
ಎಂದೂ ಶಾಲೆಗೆ ಬಾರದ, ಆದರೂ ತಮ್ಮ ವಿಶ್ವಾಸಿ,
ಸತ್ಯಮೂರ್ತಿ
(ತಮ್ಮ ದಾಖಲೆಯಂತೆ: ದೂಜ)
ಬುಧವಾರ

ಮತ್ತೆ ಸೇರಿಸಿದ್ದು, ಶುಕ್ರವಾರ: ನಿನ್ನೆ ಬೆಳಿಗ್ಗೆ ಗಲ್ಲಿಯ ಕರೆಂಟ್ ಹೋಗಿ ತಾವು ಕಣ್ಣು ಮುಚ್ಚಿದ್ದಿರಿ. ಮಕ್ಕಳೆಲ್ಲ ತಮ್ಮನ್ನು ದಾಟಿ ಒಳಗೆ ಹೋದರು, ಏಳು ತಿಂಗಳ ನಂತರ ನಾನು ಬಾಯಿಂದ ಹೆಸರು ಕರೆದೆ. ಕರೆಂಟ್ ಬಂದದ್ದು ಎಂಟು ಹನ್ನೊಂದಕ್ಕೆ. ಎಚ್ಚರವಾದ ತಾವು, ನಿದ್ದೆಯಿಂದೆದ್ದ ಯಾರಿಗಾದರೂ ಆಗುವಂತೆ, ಎಲ್ಲಿದ್ದೇನೆಂದು ತಿಳಿಯದೆ, ತಮ್ಮನ್ನು ಕಂಬಕ್ಕೆ ಹಾಕಿದ ದಿನಕ್ಕೇ ಮರಳಿದಿರಿ. ಪರದೆಯ ಮೇಲೆ ಜೂನ್ ಹದಿನೈದು, ಏಳು ನಲವತ್ತಾರು. ಆ ಹೊತ್ತಿಗೆ ಗೇಟಿನಲ್ಲಿ ಇದ್ದದ್ದು ಒಂದೇ ಮುಖ, ದಹಿಸರಿನಿಂದ ಬಂದದ್ದು. ಹಸಿರು ದೀಪ ಹತ್ತಿತು, ‘ಸ್ವಾಗತ ಆಹೇ’ ಎಂದಿರಿ. ಎರಡು ನಿಮಿಷದಲ್ಲಿ ತಾವು ಸರಿಹೋಗಿ ಫೆಬ್ರವರಿಗೆ ಬಂದು, ನೋಡಲು ಓಡಿಬಂದ ನನಗೆ ‘ವೇಳ ಸಂಪಲೀ’ ಎಂದಿರಿ, ಅದಿರಲಿ. ಇಂದು ಸಾಹೇಬರ ಕಚೇರಿಯಿಂದ ಫೋನ್ ಬಂತು: ಜೂನ್ ಹದಿನೈದು ಈಗ ಹಾಜರಿ ತೋರಿಸುತ್ತಿದೆ, ಇದು ಹೇಗೆ ಎಂದು. ನಾವು ಕಾರಣ ಹೇಳಲಿಲ್ಲ. ಕಂಡದ್ದನ್ನು ಹೇಳಿದೆವು: ಹೌದು, ತೋರಿಸುತ್ತಿದೆ. ಆ ಕಡೆಯವರು ಅವಳ ಹೆಸರನ್ನು ಪಟ್ಟಿಗೆ ಸೇರಿಸಿದ್ದಾಗಿ ಹೇಳಿ ಫೋನಿಟ್ಟರು.

ಇನ್ನು ಉಳಿದದ್ದು ಪದ್ಧತಿ. ನಿನ್ನೆ ತಡವಾಗಿ ಬಂದವರು ತಾವು. ತಮಗೆ ಬರೆಯಲು ಬಾರದ್ದರಿಂದ ತಮ್ಮ ಪರವಾಗಿ ಗುಲಾಫಶಾ ಬರೆದಿದ್ದಾಳೆ, ತಮ್ಮ ಆಪ್ತರಾದ ದೂಜಣ್ಣ ಸಹಿ ಹಾಕಿದ್ದಾರೆ. ಹತ್ತೊಂಬತ್ತನೆಯ ಸಂಪುಟದಲ್ಲಿ, ಕಹಳೆಯ ಕೆಳಗೆ ಇದೆ: ‘ಮಶೀನು ಇವತ್ತ ತಡಾ ಮಾಡಿ ಬಂತು. ಒಬ್ಬಾಕಿನ್ನ ಕಂಡಿತು.’

ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಾನು ‘ಸಾಕು’ ಎಂದು ಬರೆದಿದ್ದೇನೆ.